ಟಪಾಲು ಎಷ್ಟು ಸಲ ಹೋಗಿಬರಬೇಕು? ಚಿಕ್ಕಮಗಳೂರಿನ ಒಂದು ಕಾಫಿ ರೇಟ್ ಪುಟದ ಪ್ರಕರಣ ಅಧ್ಯಯನ

ಫೆಬ್ರವರಿಯ ಒಂದು ಬೆಳಿಗ್ಗೆ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರ ಫೋನ್ ಬಂತು. ನನಗೆ ದೂರದ ದೊಡ್ಡಪ್ಪ ಆಗಬೇಕು. ಸಿಟ್ಟು ಬಂದರೆ ಬೈಯುವವರಲ್ಲ, ದನಿ ಇನ್ನೂ ಇಳಿಸಿ ಮಾತಾಡುತ್ತಾರೆ. ಅದೇ ಜಾಸ್ತಿ ಹೆದರಿಕೆ.

"ಏನಪ್ಪಾ, ನಿಮ್ಮ ಪೇಜಲ್ಲಿ ರೇಟ್ ನೋಡ್ಕೊಂಡು ನಲವತ್ತು ಮೂಟೆ ರೋಬಸ್ಟಾ ಚೆರ್ರಿ ಪಿಕಪ್‌ಗೆ ಹಾಕ್ಸಿದೆ. ಇಲ್ಲಿ ಬಂದ್ರೆ ಮೂಟೆಗೆ ಇನ್ನೂರು ಕಮ್ಮಿ ಅಂತಾರೆ. ಮೊನ್ನೆ ಸಂಜೆನೇ ಇಳಿಸಿದ್ರಂತೆ. ನಿಮ್ಮಲ್ಲಿ ಇನ್ನೂ ಹಳೇದೇ ಇದೆಯಲ್ಲ?"

ಚೆರ್ರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ. ನಲವತ್ತು ಮೂಟೆಗೆ 8,000 ರೂಪಾಯಿ. ವಾಪಸ್ ತಂದರೆ ಪಿಕಪ್ ಬಾಡಿಗೆ ದಂಡ. ಅವರು ಅಲ್ಲೇ ಮಾರಿದರು. ನಾನು ಕಂಪ್ಯೂಟರ್ ಮುಂದೆ ಕೂತು ನಮ್ಮ ಲಾಗ್, ಅಂದರೆ ರೇಟು ತರುವ ಪ್ರೋಗ್ರಾಂನ ಪ್ರತಿ ಓಡಾಟದ ದಾಖಲೆ, ತೆರೆದೆ.

ಆ ಪುಟ ನಡೆಸುವವರು ನಾನು ಮತ್ತು ಭಾವ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ ಊರಿಗೆ ವಾಪಸ್ ಬಂದವನು. ಭಾವನಿಗೆ ತೋಟ ಇದೆ, ಪೇಟೆಯಲ್ಲಿ ಎಲ್ಲ ವ್ಯಾಪಾರಿಗಳ ಪರಿಚಯ ಇದೆ. ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಒಂದು ಮಹಡಿ ಕೋಣೆಯಲ್ಲಿ ನಮ್ಮ ಕಾರ್ಬಾರು. ಮೊಬೈಲ್‌ನಲ್ಲಿ ಒಂದೇ ಪುಟ: ಲಂಡನ್ ಪೇಟೆಯಲ್ಲಿ ರೋಬಸ್ಟಾ ಕಾಫಿಯ ರೇಟು, ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಕಾಫಿಯ ರೇಟು, ಊರಿನ ವ್ಯಾಪಾರಿಗಳ 50 ಕೆಜಿ ಮೂಟೆಯ ರೇಟು, ಕಾಳುಮೆಣಸು, ಯಾವ ಊರಲ್ಲಿ ಎಷ್ಟು ಮಳೆ, ಗೊರೂರು ಡ್ಯಾಂ ಎಷ್ಟು ಅಡಿ, ಚಾರ್ಮಾಡಿ ಘಾಟಿ ತೆರೆದಿದೆಯೋ ಮುಚ್ಚಿದೆಯೋ. ಇದ್ಯಾವುದೂ ನಮ್ಮ ಸ್ವಂತ ಮಾಹಿತಿ ಅಲ್ಲ. 41 ಕಡೆಗಳಿಂದ ತಂದು ಒಟ್ಟಿಗೆ ತೋರಿಸುತ್ತೇವೆ, ಅಷ್ಟೇ.

ತರುವ ಪ್ರೋಗ್ರಾಂಗೆ ನಾವಿಟ್ಟ ಹೆಸರು ಟಪಾಲು. ತೋಟದ ಕಡೆಯವರಿಗೆ ಈ ಹೆಸರು ಹೊಸದಲ್ಲ. ಹಿಂದೆ ಎಸ್ಟೇಟಿನಿಂದ ಒಬ್ಬ ಆಳು ಚೀಲ ಹಿಡಿದು ಪೇಟೆಗೆ ಹೋಗಿ ಕಾಗದ, ಪೇಪರ್ ತರುತ್ತಿದ್ದ. ಅವನನ್ನು ಟಪಾಲಿನವನು ಅಂತಲೇ ಕರೆಯುತ್ತಿದ್ದರು. ನಮ್ಮ ಟಪಾಲಿನವನೂ ಅದೇ ಕೆಲಸದವನು. ಹೋಗಬೇಕು, ಏನಾದರೂ ಹೊಸದು ಇದೆಯಾ ನೋಡಬೇಕು, ತರಬೇಕು.

ಹತ್ತು ನಿಮಿಷದ ಲೆಕ್ಕ

ಲಾಗ್‌ನಲ್ಲಿ ಆ ವ್ಯಾಪಾರಿಯ ಪುಟದ ಮುಂದೆ ಎರಡು ದಿನದಿಂದ ಒಂದೇ ಸಂಖ್ಯೆ ಸಾಲಾಗಿ ನಿಂತಿತ್ತು: 429. ವೆಬ್‌ನ ಭಾಷೆಯಲ್ಲಿ ಅದರ ಅರ್ಥ "ತುಂಬಾ ಸಲ ಕೇಳ್ತಿದ್ದೀಯ, ಸ್ವಲ್ಪ ತಡಿ". ಎಷ್ಟು ಹೊತ್ತು ತಡೆಯಬೇಕು ಅಂತಲೂ ಆ ಸರ್ವರ್ ಜೊತೆಗೇ ಹೇಳಿತ್ತು. ನಮ್ಮ ಟಪಾಲು ಅದನ್ನು ಓದುತ್ತಲೇ ಇರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಹೋಗಿ ಬಾಗಿಲು ಬಡಿಯುವುದು, ಬೈಸಿಕೊಳ್ಳುವುದು, ವಾಪಸ್ ಬಂದು ಹಳೇ ರೇಟನ್ನೇ ಹೊಸದರ ಹಾಗೆ ತೋರಿಸುವುದು.

ಅಂದರೆ ರೇಟು ಹಳಸಿದ್ದು ನಾವು ಕಮ್ಮಿ ಸಲ ನೋಡಿದ್ದರಿಂದ ಅಲ್ಲ, ಜಾಸ್ತಿ ಸಲ ನೋಡಿದ್ದರಿಂದ. ತಪ್ಪು ನನ್ನದೇ. ಪುಟ ಶುರುಮಾಡಿದಾಗ ಎಲ್ಲದಕ್ಕೂ ಹತ್ತು ನಿಮಿಷ ಅಂತ ಸುಮ್ನೆ ಬರೆದಿದ್ದೆ. ಯಾಕೆ ಹತ್ತು ಅಂದರೆ, ಕೈಗೆ ಬಂದ ಸಂಖ್ಯೆ ಅದು. ದಿನಕ್ಕೆ 144 ಸಲ, 41 ಕಡೆ, ಒಟ್ಟು 5,904 ಓಡಾಟ. ಡ್ಯಾಂ ಮಟ್ಟ ದಿನಕ್ಕೊಮ್ಮೆ ಬೆಳಿಗ್ಗೆ ಬದಲಾಗುತ್ತದೆ. ಅದನ್ನು ರಾತ್ರಿ ಎರಡು ಗಂಟೆಗೂ ಹತ್ತು ನಿಮಿಷಕ್ಕೊಮ್ಮೆ ನೋಡುವುದು ಎಂಥ ಹುಚ್ಚು, ಅಲ್ವಾ? ಲಂಡನ್ ರೇಟು ಪೇಟೆ ತೆರೆದಿರುವಾಗ ನಿಮಿಷಕ್ಕೆ ಹಲವು ಸಲ ಅಲ್ಲಾಡುತ್ತದೆ. ಅದಕ್ಕೆ ಹತ್ತು ನಿಮಿಷ ಸಾಲುವುದೂ ಇಲ್ಲ.

ಮೊದಲು ಮಾಡಿದ ರಿಪೇರಿಯಲ್ಲಿ ಮಷೀನ್ ಲರ್ನಿಂಗ್, ಅಂದರೆ ಹಳೇ ದಾಖಲೆ ನೋಡಿ ಕಂಪ್ಯೂಟರ್ ತಾನೇ ಕಲಿಯುವುದು, ಏನೂ ಇರಲಿಲ್ಲ. ಬರೀ ಮರ್ಯಾದೆ ಕಲಿಸಿದೆವು. 429 ಬಂದರೆ ಹೇಳಿದಷ್ಟು ಹೊತ್ತು ತಡೆಯಬೇಕು. ಯಾವ ಸೈಟಿಗೂ ಹದಿನೈದು ನಿಮಿಷಕ್ಕಿಂತ ಬೇಗ ಮತ್ತೆ ಹೋಗಬಾರದು. ಸೈಟಿನ ರೋಬಾಟ್ಸ್ ಕಡತ ಓದಬೇಕು. ಪ್ರೋಗ್ರಾಂಗಳು ಎಲ್ಲಿ ಕಾಲಿಡಬಾರದು ಅಂತ ಮಾಲೀಕರು ಬರೆದಿಡುವ ಆ ಕಡತ 1994ರಿಂದ ರೂಢಿಯಲ್ಲಿದೆ, ಅಧಿಕೃತ ಮಾನದಂಡ ಆಗಿದ್ದು 2022ರಲ್ಲಿ. ಆಮೇಲೆ, "ಕಳೆದ ಸಲ ತಂದದ್ದಕ್ಕಿಂತ ಹೊಸದಿದ್ದರೆ ಮಾತ್ರ ಕೊಡು" ಅಂತ ಕೇಳುವ ಪದ್ಧತಿಯೂ ವೆಬ್‌ನಲ್ಲಿ ಇದೆ. ಹೊಸದಿಲ್ಲದಿದ್ದರೆ ಸರ್ವರ್ 304 ಅನ್ನುವ ಪುಟ್ಟ ಉತ್ತರ ಕೊಟ್ಟು ಕಳಿಸುತ್ತದೆ, ಇಡೀ ಪುಟ ಹೊತ್ತು ತರಬೇಕಿಲ್ಲ. ಇದನ್ನು ಹಾಕಿದ ದಿನವೇ ಹೊರೆ ಇಳಿಯಿತು.

ಗಡಿಯಾರ ಇದ್ದ ಪುಟ

ಮುಂದಿನ ಯೋಚನೆ ಸುಲಭ ಅನ್ನಿಸಿತು. ಪ್ರತಿ ಪುಟ ಎಷ್ಟು ಸಲ ಬದಲಾಗುತ್ತದೆ ಅಂತ ಲಾಗ್‌ನಿಂದ ಎಣಿಸುವುದು, ಅಷ್ಟು ಸಲ ಹೋಗುವುದು. ಎಣಿಸಿದೆವು. ಎಲ್ಲಕ್ಕಿಂತ ಜಾಸ್ತಿ ಬದಲಾಗುವ ಪುಟ ಲಂಡನ್‌ದಲ್ಲ! ಊರಿನ ಒಬ್ಬ ಸಣ್ಣ ವ್ಯಾಪಾರಿಯದು. ನೋಡಿದಾಗಲೆಲ್ಲ ಬದಲಾಗಿತ್ತು, ನೂರಕ್ಕೆ ನೂರು.

ಭಾವ ನಕ್ಕರು. "ಆ ಯಪ್ಪ ವಾರಕ್ಕೆ ಮೂರು ಸಲ ರೇಟ್ ಬದಲಿಸಿದ್ರೆ ಹೆಚ್ಚು. ನಿನ್ನ ಟಪಾಲು ಏನು ನೋಡ್ಕೊಂಡು ಬರ್ತಿದೆ?"

ಪುಟ ತೆರೆದು ನೋಡಿದೆ. ಮೇಲೆ ಬಲಗಡೆ ಒಂದು ಗಡಿಯಾರ, ಸೆಕೆಂಡಿನ ಸಮೇತ. ಅದರ ಕೆಳಗೆ ಎಷ್ಟು ಜನ ನೋಡಿದರು ಅನ್ನುವ ಎಣಿಕೆ. ಪ್ರತಿ ಸಲ ಅವೆರಡೂ ಬೇರೆ. ನಮ್ಮ ಪ್ರೋಗ್ರಾಂ ಇಡೀ ಪುಟವನ್ನು ಹೋಲಿಸುತ್ತಿತ್ತು, ರೇಟಿನ ಪಟ್ಟಿಯನ್ನು ಮಾತ್ರ ಅಲ್ಲ. ಆ ಎಣಿಕೆಯಲ್ಲಿ ಅರ್ಧ ನಮ್ಮ ಟಪಾಲಿನವನದೇ ಇರಬೇಕು. ತನ್ನ ಜನಪ್ರಿಯತೆ ನೋಡಿ ಆ ವ್ಯಾಪಾರಿಗೆ ಎಷ್ಟು ಖುಷಿಯಾಗಿತ್ತೋ ಏನೋ.

ಆ ವಾರವಿಡೀ 41 ಪುಟಗಳನ್ನು ಒಂದೊಂದಾಗಿ ತೆರೆದು, ಯಾವ ಭಾಗ ಬದಲಾದರೆ "ಬದಲಾಗಿದೆ" ಅನ್ನಬೇಕು ಅಂತ ಗುರುತು ಹಾಕಿದೆವು. ಇದಕ್ಕಿಂತ ಬೇಸರದ ಕೆಲಸ ಈ ಪ್ರಕರಣದಲ್ಲಿ ಬೇರೆ ಇಲ್ಲ. ಆದರೆ ಇದನ್ನು ಬಿಟ್ಟು ಮುಂದೆ ಹೋಗಿದ್ದರೆ, ಲಾಗ್ ನೋಡಿ ಕಲಿಯುವ ಯಾವ ಮಾದರಿಯೇ (ಮಾಡೆಲ್) ಆಗಲಿ, ಗಡಿಯಾರದ ಸೆಕೆಂಡನ್ನು ಕಲಿಯುತ್ತಿತ್ತು.

ಎರಡನೇ ತೊಡಕು ಸ್ವಲ್ಪ ಸೂಕ್ಷ್ಮದ್ದು. ಒಂದು ಪುಟವನ್ನು ದಿನಕ್ಕೊಮ್ಮೆ ನೋಡುತ್ತೀರಿ ಅಂದುಕೊಳ್ಳಿ. 30 ದಿನದಲ್ಲಿ 24 ದಿನ ಬದಲಾಗಿತ್ತು. ಹಾಗಾದರೆ ದಿನಕ್ಕೆ 0.8 ಸಲ ಬದಲಾಗುತ್ತದೆ ಅನ್ನಬಹುದಾ? ಇಲ್ಲ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ರೇಟು ಬದಲಾಗಿದ್ದರೂ ನಿಮಗೆ ಕಾಣುವುದು ಒಂದೇ ಬದಲಾವಣೆ. ನೀವು ನೋಡಿದ ಸಲಕ್ಕಿಂತ ಜಾಸ್ತಿ ಬದಲಾವಣೆ ನಿಮ್ಮ ಲೆಕ್ಕಕ್ಕೆ ಸಿಗುವುದೇ ಇಲ್ಲ. ಜಂಗೂ ಚೋ ಮತ್ತು ಹೆಕ್ಟರ್ ಗಾರ್ಸಿಯಾ-ಮೊಲಿನಾ ಎಂಬ ಇಬ್ಬರು ಸ್ಟ್ಯಾನ್‌ಫರ್ಡ್‌ನಲ್ಲಿ ಶುರುಮಾಡಿದ ಕೆಲಸದಲ್ಲಿ ಇದಕ್ಕೊಂದು ಸರಳ ಉಪಾಯ ಇದೆ. 2003ರಲ್ಲಿ ಪ್ರಕಟಿಸಿದರು. ಬದಲಾಗದೆ ಸಿಕ್ಕ ಸಲಗಳಿಗೆ ಅರ್ಧ ಸೇರಿಸಿ, ಒಟ್ಟು ನೋಡಿದ ಸಲಗಳಿಗೂ ಅರ್ಧ ಸೇರಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಅದರ ಸಹಜ ಲಾಗರಿದಂ ತೆಗೆದು ಮೈನಸ್ ಚಿಹ್ನೆ ಬಿಟ್ಟುಬಿಡಿ. ನಮ್ಮ ಉದಾಹರಣೆಯಲ್ಲಿ 6.5 ಭಾಗಿಸು 30.5. ಉತ್ತರ ಸುಮಾರು 1.5. ಅಂದರೆ ಆ ಪುಟ ದಿನಕ್ಕೆ ಒಂದೂವರೆ ಸಲ ಬದಲಾಗುತ್ತಿರಬೇಕು. ನಾವು ಮೊದಲು ಅಂದುಕೊಂಡದ್ದರ ಹತ್ತಿರ ಹತ್ತಿರ ಎರಡರಷ್ಟು.

ಈ ಲೆಕ್ಕದ ಹಿಂದೆ ಒಂದು ನಂಬಿಕೆ ಇದೆ. ಬದಲಾವಣೆಗಳು ಹಂಚಿನ ಮೇಲೆ ನೇರಳೆ ಹಣ್ಣು ಬೀಳುವ ಹಾಗೆ, ಒಂದಕ್ಕೊಂದು ಸಂಬಂಧ ಇಲ್ಲದೆ, ಒಂದು ಸರಾಸರಿಯಲ್ಲಿ ಬೀಳುತ್ತವೆ ಅನ್ನುವುದು. ಗಣಿತದವರು ಇದನ್ನು ಪಾಯ್ಸಾನ್ ಅನ್ನುತ್ತಾರೆ. ಕಾಫಿ ರೇಟು ಹಾಗೆ ಬೀಳುವುದಿಲ್ಲ ಅಂತ ಯಾರಿಗಾದರೂ ಗೊತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೋಗಲಿ, ಸರಾಸರಿ ಸಿಕ್ಕಿತು. ಇನ್ನು ಜಾಸ್ತಿ ಬದಲಾಗುವ ಪುಟಕ್ಕೆ ಜಾಸ್ತಿ ಸಲ ಹೋಗಬೇಕು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಹಾಳೆ ತೆಗೆದುಕೊಂಡು ಭಾವನ ಮುಂದೆ ಲೆಕ್ಕ ಹಾಕಿದೆ. ಒಂದು ಪುಟ ದಿನಕ್ಕೆ 40 ಸಲ ಬದಲಾಗುತ್ತದೆ, ಇನ್ನೊಂದು ದಿನಕ್ಕೆ ಒಂದು ಸಲ. ಟಪಾಲಿಗೆ ದಿನಕ್ಕೆ ಹತ್ತು ಓಡಾಟ ಮಾತ್ರ. ಬದಲಾವಣೆಗೆ ತಕ್ಕ ಹಾಗೆ ಹಂಚಿದರೆ ಮೊದಲನೆಯದಕ್ಕೆ ಹತ್ತಿರ ಹತ್ತಿರ ಹತ್ತೂ ಹೋಗುತ್ತದೆ. ಆಗ ದಿನದ ಹೊತ್ತಿನಲ್ಲಿ ನೂರಕ್ಕೆ 24 ಪಾಲು ಮಾತ್ರ ನಮ್ಮ ಹತ್ತಿರ ತಾಜಾ ರೇಟು ಇರುತ್ತದೆ, ಎರಡೂ ಪುಟದಲ್ಲಿ. ಎರಡಕ್ಕೂ ಐದೈದು ಸಲ ಹೋದರೆ? ಚಂಚಲ ಪುಟ 12.5ಕ್ಕೆ ಇಳಿಯುತ್ತದೆ, ನಿಧಾನದ ಪುಟ 91ರ ಹತ್ತಿರ ಏರುತ್ತದೆ. ಹತ್ತು ಸಲ ಓಡಿದರೂ ಕೈಗೆ ಸಿಗದ ಪುಟದ ಹಿಂದೆ ಬಿದ್ದು, ಎರಡು ಹೆಜ್ಜೆಗೆ ಸಿಗುವ ಪುಟವನ್ನು ಕಳೆದುಕೊಳ್ಳುತ್ತಿದ್ದೆವು. ಇದೂ ಚೋ ಮತ್ತು ಗಾರ್ಸಿಯಾ-ಮೊಲಿನಾ ಮೊದಲೇ ತೋರಿಸಿಟ್ಟಿದ್ದ ವಿಷಯ. ಲೆಕ್ಕ ಹಾಕಿದ ಮೇಲೂ ನನಗೆ ಪೂರ್ತಿ ನಂಬಿಕೆ ಬರಲು ಒಂದು ರಾತ್ರಿ ಬೇಕಾಯಿತು.

ಭಾವ ಬೇರೆ ಕಡೆಯಿಂದ ಬಂದರು. "ಹಂಗಾದ್ರೆ ಲಂಡನ್ ನೋಡೋದೇ ಬೇಡ ಅಂತೀಯಾ? ಜನ ಪೇಜ್ ತೆರೆಯೋದೇ ಅದಕ್ಕೆ."

ಲೆಕ್ಕ ನಿಜವಾಗಿಯೂ ಹಾಗೇ ಹೇಳುತ್ತದೆ. ತಾಜಾತನ ಒಂದನ್ನೇ ಅಳತೆಗೋಲು ಮಾಡಿಕೊಂಡರೆ, ಅತಿ ಚಂಚಲ ಪುಟಕ್ಕೆ ಒಂದು ಸಲವೂ ಹೋಗಬೇಡ ಅನ್ನುವ ಉತ್ತರ ಬರಬಹುದು. ಮೈಕ್ರೋಸಾಫ್ಟ್‌ನ ಸಂಶೋಧಕರ ತಂಡವೊಂದು, ಆಂಡ್ರೆ ಕೊಲೊಬೊವ್, ಎರಿಕ್ ಹಾರ್ವಿಟ್ಜ್ ಇದ್ದ ತಂಡ, 2019ರಲ್ಲಿ ಈ ಅಳತೆಗೋಲನ್ನೇ ಬದಲಿಸಿತು. ಒಂದೊಂದು ಪುಟಕ್ಕೂ ಮಹತ್ವದ ತೂಕ ಕೊಡು. ತಪ್ಪಿಹೋದ ಬದಲಾವಣೆ ಜಾಸ್ತಿ ಆದ ಹಾಗೆ ದಂಡವನ್ನೂ ಏರಿಸು, ಆದರೆ ಏರುವ ವೇಗ ನಿಧಾನ ಆಗುತ್ತ ಹೋಗಲಿ. ಹೀಗೆ ಮಾಡಿದರೆ ಯಾವ ಪುಟವೂ ಪೂರ್ತಿ ಉಪವಾಸ ಬೀಳುವುದಿಲ್ಲ. ಬದಲಾವಣೆಯ ವೇಗ ಮೊದಲೇ ಗೊತ್ತಿಲ್ಲದಿದ್ದಾಗ, ನೋಡುತ್ತ ನೋಡುತ್ತ ಕಲಿಯುವ ದಾರಿಯನ್ನೂ ಅವರು ಕೊಟ್ಟರು. ಅವರ ತಲೆನೋವು ಹುಡುಕು ಯಂತ್ರದ ಅಸಂಖ್ಯ ಪುಟಗಳು. ನಮ್ಮದು 41. ಆದರೂ ಲೆಕ್ಕ ಒಂದೇ.

ತೂಕ ಹಾಕಿದ್ದು ಭಾವ. ಕಂಪ್ಯೂಟರಿನಲ್ಲಿ ಅಲ್ಲ, ಹಳೇ ಚೆಕ್‌ರೋಲ್ (ಆಳುಗಳ ಹಾಜರಿ) ಪುಸ್ತಕದ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ. ಪ್ರತಿ ಪುಟಕ್ಕೂ ಒಂದೇ ಪ್ರಶ್ನೆ: ಇದು ಒಂದು ಗಂಟೆ ತಡವಾದರೆ ಯಾರಿಗೆ ಎಷ್ಟು ನಷ್ಟ? ಹತ್ತಕ್ಕೆ ಅಂಕ. ಸುಗ್ಗಿ ಸಮಯದಲ್ಲಿ ಊರಿನ ವ್ಯಾಪಾರಿಗಳಿಗೆ 9. ಲಂಡನ್‌ಗೆ ಬರೀ 3. ನನಗೆ ಆಶ್ಚರ್ಯ ಆಯಿತು, ಈಗಷ್ಟೇ ಅದರ ಪರ ವಾದ ಮಾಡಿದ್ದರಲ್ಲ.

"ಲಂಡನ್ ರೇಟು ಕ್ರಿಕೆಟ್ ಸ್ಕೋರ್ ಇದ್ದ ಹಾಗೆ ಕಣೋ. ಎಲ್ರೂ ನೋಡ್ತಾರೆ. ಮಾರೋದು ಮಾತ್ರ ಇಲ್ಲೇ."

ಮಳೆಗೆ ಮಾರ್ಚ್‌ನಲ್ಲಿ 8, ಜನವರಿಯಲ್ಲಿ 1. ಕಾಫಿ ಗಿಡದಲ್ಲಿ ಹೂ ಬಿಡಿಸುವ ಹೂಮಳೆ ಬೀಳುವ ಹೊತ್ತಿಗೆ ಯಾವ ಊರಲ್ಲಿ ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಬಿತ್ತು ಅನ್ನುವುದಕ್ಕಿಂತ ದೊಡ್ಡ ಸುದ್ದಿ ಮಲೆನಾಡಲ್ಲಿ ಇಲ್ಲ. ಬೀಳದಿದ್ದವರು ಸ್ಪ್ರಿಂಕ್ಲರ್ ಹಾಕಬೇಕಾ ಅಂತ ಅದೇ ದಿನ ತೀರ್ಮಾನಿಸಬೇಕು. ಗೊರೂರಿಗೆ ಬೇಸಿಗೆಯಲ್ಲಿ 1, ಜುಲೈನಲ್ಲಿ ನೀರು ಡ್ಯಾಂ ತುಂಬುವ ಮಟ್ಟವಾದ 2,922 ಅಡಿಯ ಹತ್ತಿರ ಬಂದಾಗ 6. ಘಾಟಿಗೆ ಮಳೆಗಾಲದಲ್ಲಿ 10, ಉಳಿದ ಕಾಲದಲ್ಲಿ 2. ಆ 2ರ ಕಥೆ ಮುಂದಿದೆ.

ಕಲಿತದ್ದು, ಕಲಿಯದೇ ಹೋದದ್ದು

ಕಾಫಿ ರೇಟು ನೇರಳೆ ಹಣ್ಣಿನ ಹಾಗೆ ಬೀಳುವುದಿಲ್ಲ ಅಂದೆನಲ್ಲ, ಸರಾಸರಿ ಒಂದೇ ಇದ್ದರೆ ಸಾಲದು. ವ್ಯಾಪಾರಿಯ ರೇಟು ದಿನಕ್ಕೆ ಒಂದೂವರೆ ಸಲ ಬದಲಾಗುತ್ತದೆ ನಿಜ, ಆದರೆ ರಾತ್ರಿ ಮೂರು ಗಂಟೆಗೆ ಬದಲಾಗುವುದಿಲ್ಲ. ಹಾಗಾಗಿ ಮಾರ್ಚ್‌ನಲ್ಲಿ ಒಂದು ಮಾದರಿ ಕಟ್ಟಿದೆವು. ಪ್ರಶ್ನೆ ಚಿಕ್ಕದು: ಈ ಪುಟ ಮುಂದಿನ ಒಂದು ಗಂಟೆಯಲ್ಲಿ ಬದಲಾಗುವ ಸಂಭವ ಎಷ್ಟು? ಅದಕ್ಕೆ ಕೊಟ್ಟ ಸುಳಿವುಗಳು ವಾರದ ದಿನ, ಗಂಟೆ, ಕೊನೆಗೆ ಬದಲಾಗಿ ಎಷ್ಟು ಹೊತ್ತಾಯಿತು, ಲಂಡನ್ ತೆರೆದಿದೆಯಾ, ಬೇರೆ ವ್ಯಾಪಾರಿಗಳು ಇವತ್ತು ಬದಲಿಸಿದರಾ, ಹೀಗೆ. ವಿಧಾನ ಗ್ರೇಡಿಯೆಂಟ್ ಬೂಸ್ಟಿಂಗ್. ಹೌದು-ಇಲ್ಲ ಪ್ರಶ್ನೆಗಳ ಸಣ್ಣ ಸಣ್ಣ ನಿರ್ಣಯ ವೃಕ್ಷಗಳನ್ನು ಒಂದರ ಹಿಂದೆ ಒಂದು ಕಟ್ಟುವುದು, ಹಿಂದಿನದು ಮಾಡಿದ ತಪ್ಪನ್ನು ಮುಂದಿನದು ತಿದ್ದುವುದು. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಇಷ್ಟು ಕೆಲಸಕ್ಕೆ ದೊಡ್ಡ ನರಜಾಲ (ನ್ಯೂರಲ್ ನೆಟ್‌ವರ್ಕ್) ತರುವುದು, ಒಂದು ಮೂಟೆ ಸಾಗಿಸಲು ಲಾರಿ ಕರೆಸಿದ ಹಾಗೆ.

ಮಾದರಿಯ ಉತ್ತರವನ್ನು ಭಾವನ ತೂಕದಿಂದ ಗುಣಿಸುತ್ತೇವೆ. ಯಾವುದು ಜಾಸ್ತಿಯೋ ಅಲ್ಲಿಗೆ ಟಪಾಲು ಮೊದಲು ಹೋಗುತ್ತದೆ. ದಿನದ ಮಿತಿ 1,200 ಓಡಾಟ. ಹಿಂದಿನ 5,904ರ ಐದನೇ ಒಂದು ಪಾಲು.

ಮಾದರಿ ಮೊದಲು ಕಂಡುಹಿಡಿದ ವಿಷಯ: ಒಬ್ಬ ದೊಡ್ಡ ವ್ಯಾಪಾರಿ ರೇಟ್ ಇಳಿಸಿದರೆ ಒಂದು ಗಂಟೆಯೊಳಗೆ ಇನ್ನಿಬ್ಬರು ಇಳಿಸುತ್ತಾರೆ. ನಾನು ಹೆಮ್ಮೆಯಿಂದ ಹೇಳಿದೆ. "ಇದಕ್ಕೆ ಕಂಪ್ಯೂಟರ್ ಬೇಕಿತ್ತಾ? ಕೆಳಗಡೆ ಹೋಗಿ ಒಂದು ಟೀ ಕುಡಿದಿದ್ರೆ ಗೊತ್ತಾಗ್ತಿತ್ತು" ಅಂದರು ಭಾವ.

ಎರಡನೆಯದು ಅವರಿಗೂ ಗೊತ್ತಿರಲಿಲ್ಲ. ಒಬ್ಬರ ಪುಟ ಮಂಗಳವಾರ ಮತ್ತು ಶನಿವಾರ ಬದಲಾಗುವುದೇ ಇಲ್ಲ. ವಿಚಾರಿಸಿದರೆ, ಪುಟಕ್ಕೆ ರೇಟ್ ಹಾಕುವ ಹುಡುಗ ಆ ಎರಡು ದಿನ ಹಾಸನಕ್ಕೆ ಕ್ಲಾಸಿಗೆ ಹೋಗುತ್ತಾನೆ. ಅಂಗಡಿಯಲ್ಲಿ ರೇಟು ಬದಲಾಗುತ್ತದೆ, ಪುಟದಲ್ಲಿ ಇಲ್ಲ. ಇದು ನನ್ನನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿತು. ಮಂಗಳವಾರ ಅಲ್ಲಿಗೆ ಹೋಗಬೇಡ ಅಂತ ಮಾದರಿ ಹೇಳುತ್ತಿತ್ತು, ಅದರ ಲೆಕ್ಕದಲ್ಲಿ ಅದು ಸರಿ. ನಮ್ಮ ನಕಲು ಅವರ ಪುಟದ ಜೊತೆ ಹೊಂದುತ್ತದೆ, ತಾಜಾ. ಆದರೆ ಅವರ ಪುಟವೇ ಅಂಗಡಿಯ ಹಲಗೆ ಜೊತೆ ಹೊಂದುತ್ತಿಲ್ಲ. ಇಂಥ ದಿನ ಆ ಸಾಲನ್ನು ಬೂದು ಬಣ್ಣದಲ್ಲಿ ತೋರಿಸಿ "ಫೋನ್ ಮಾಡಿ ಕೇಳಿ" ಅಂತ ಬರೆಯತೊಡಗಿದೆವು.

ಏಪ್ರಿಲ್ ಮೊದಲ ವಾರ ಇನ್ನೊಂದು ತಮಾಷೆ. ಲಂಡನ್ ರೋಬಸ್ಟಾ ಪೇಟೆ ಅಲ್ಲಿಯ ಬೆಳಿಗ್ಗೆ 9ಕ್ಕೆ ತೆರೆಯುತ್ತದೆ. ಚಳಿಗಾಲದಲ್ಲಿ ಅದು ನಮ್ಮ ಮಧ್ಯಾಹ್ನ 2:30. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ನಮ್ಮ 1:30ಕ್ಕೇ ಪೇಟೆ ತೆರೆಯುತ್ತದೆ. ನಮ್ಮ ಮಾದರಿ ಕಲಿತದ್ದು ನಮ್ಮ ಗಡಿಯಾರದಲ್ಲಿ, ಚಳಿಗಾಲದ ಲಾಗ್‌ನಿಂದ. ಹಾಗಾಗಿ ದಿನವೂ ಒಂದು ಗಂಟೆ ತಡವಾಗಿ ಹೋಗುತ್ತಿತ್ತು. ನ್ಯೂಯಾರ್ಕ್‌ನವರು ಗಡಿಯಾರ ತಿರುಗಿಸುವುದು ಮಾರ್ಚ್ ಎರಡನೇ ಭಾನುವಾರ, ಆ ನಡುವಿನ ವಾರಗಳು ಇನ್ನೊಂದು ಗೋಜಲು. ಆಯಾ ಊರಿನ ಗಂಟೆಯನ್ನೇ ಸುಳಿವಾಗಿ ಕೊಟ್ಟೆವು, ಮುಗಿಯಿತು.

ಆರ್ದ್ರಾ ಮಳೆಯ ರಾತ್ರಿ

ಜೂನ್ ಕೊನೆಯಲ್ಲಿ ಒಂದು ಕುಟುಂಬ ಮಗನ ಅಡ್ಮಿಷನ್‌ಗೆ ಅಂತ ಮಂಗಳೂರಿಗೆ ಹೊರಟಿತು. ಬೆಳಗಿನ ಜಾವ ನಾಲ್ಕು ಗಂಟೆಗೆ ನಮ್ಮ ಪುಟ ನೋಡಿದ್ದಾರೆ. ಚಾರ್ಮಾಡಿ: ಸಂಚಾರ ಇದೆ. ಕೊಟ್ಟಿಗೆಹಾರಕ್ಕೆ ಬಂದರೆ ಗೇಟ್ ಹಾಕಿದೆ. ರಾತ್ರಿ ಮರ ಬಿದ್ದು ಮಣ್ಣು ಜಾರಿತ್ತು, ಮುಚ್ಚಿದ ಪ್ರಕಟಣೆ ಒಂಬತ್ತೂವರೆಗೇ ಹೊರಬಿದ್ದಿತ್ತು. ಅವರು ಕಳಸ, ಕುದುರೆಮುಖ ಸುತ್ತಿ ಕಾರ್ಕಳದ ಮೇಲೆ ಹೋಗಬೇಕಾಯಿತು. ಅಡ್ಮಿಷನ್ ಸಿಕ್ಕಿತು, ಪುಣ್ಯ. ಆ ಮನೆಯಾಕೆ ಆಮೇಲೆ ಭಾವನಿಗೆ ಸಿಕ್ಕಾಗ "ಅಣ್ಣಾ, ನಿಮ್ಮ ಪೇಜು ನಂಬಿ ಮಳೇಲಿ ಕೂತ್ವಿ" ಅಂದರಂತೆ. ನಗುತ್ತಲೇ ಅಂದದ್ದು. ಆದರೂ.

ಲಾಗ್ ತೆರೆದೆ. ಟಪಾಲು ಘಾಟಿಯ ಪುಟಕ್ಕೆ ರಾತ್ರಿ ಎಂಟು ಗಂಟೆಗೆ ಹೋಗಿದ್ದು, ಆಮೇಲೆ ಬೆಳಿಗ್ಗೆ ಆರಕ್ಕೆ. ನಡುವೆ ಒಂದು ಸಲವೂ ಇಲ್ಲ.

ಮೊದಲ ಕಾರಣ ಮುಜುಗರದ್ದು. ಭಾವ ಬರೆದಿದ್ದ ತೂಕ ಮಳೆಗಾಲಕ್ಕೆ 10. ನಾನು ಮಳೆಗಾಲ ಅಂದರೆ ಜುಲೈ 1ರಿಂದ ಅಂತ ಪ್ರೋಗ್ರಾಂನಲ್ಲಿ ಹಾಕಿದ್ದೆ. ಮಲೆನಾಡಿನಲ್ಲಿ ಹುಟ್ಟಿದವನು ಮಾಡುವ ಕೆಲಸವಾ ಇದು? ಆದರೆ ತೂಕ 10 ಇದ್ದಿದ್ದರೂ ಕಥೆ ಬದಲಾಗುತ್ತಿರಲಿಲ್ಲ. ಮಾದರಿ ಕೊಟ್ಟ ಸಂಭವ ಹತ್ತಿರ ಹತ್ತಿರ ಸೊನ್ನೆ. ಸೊನ್ನೆಯನ್ನು ಹತ್ತರಿಂದ ಗುಣಿಸಿದರೂ ಸೊನ್ನೆಯೇ.

ಯಾಕೆ ಸೊನ್ನೆ? ಅದು ಕಲಿತ ಲಾಗ್ ನವೆಂಬರ್‌ನಿಂದ ಮೇವರೆಗಿನದು. ಆ ಏಳು ತಿಂಗಳು ಘಾಟಿಯ ಪುಟದಲ್ಲಿ ಹೆಚ್ಚುಕಮ್ಮಿ ಏನೂ ಆಗಿರಲಿಲ್ಲ. ಮಳೆಗಾಲ ಅನ್ನುವುದು ಒಂದಿದೆ ಅಂತಲೇ ಅದಕ್ಕೆ ಗೊತ್ತಿಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಮಾರ್ಚ್‌ನಲ್ಲಿ ಮಾದರಿ "ರಾತ್ರಿ ಬದಲಾಗುವುದಿಲ್ಲ" ಅಂತ ಕಲಿಯಿತು. ಹಾಗಾಗಿ ರಾತ್ರಿ ನೋಡುವುದು ಬಿಟ್ಟಿತು. ನೋಡದಿದ್ದರಿಂದ ರಾತ್ರಿಯ ಬದಲಾವಣೆ ಲಾಗ್‌ಗೆ ಬರುವುದೇ ನಿಂತಿತು. ಪ್ರತಿ ಭಾನುವಾರ ಹೊಸ ಲಾಗ್ ಓದಿ ಮತ್ತೆ ಕಲಿಯುವಾಗ, ನೋಡು, ನಾನು ಹೇಳಿದ್ದೇ ಸರಿ, ರಾತ್ರಿ ಏನೂ ಆಗುತ್ತಿಲ್ಲ ಅಂತ ಇನ್ನೂ ಗಟ್ಟಿ ಮಾಡಿಕೊಂಡಿತು. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕು.

ಅಂದಹಾಗೆ, ಮಷೀನ್ ಲರ್ನಿಂಗ್ ಇಲ್ಲದ ಹಳೇ ಸೂತ್ರವೂ ಇಲ್ಲಿ ಕಾಪಾಡುತ್ತಿರಲಿಲ್ಲ. ಬ್ರೌಸರ್‌ಗಳು ಬಳಸುವ ಒಂದು ರೂಢಿ ಇದೆ. ಒಂದು ಪುಟ ಬದಲಾಗಿ ಎಷ್ಟು ದಿನ ಆಗಿದೆಯೋ ಅದರ ಹತ್ತನೇ ಒಂದು ಪಾಲು ಕಾಲ ಅದನ್ನು ತಾಜಾ ಅಂತ ನಂಬಬಹುದು. 150 ದಿನ ಬದಲಾಗದ ಘಾಟಿ ಪುಟವನ್ನು ಅದು 15 ದಿನ ನಂಬುತ್ತಿತ್ತು! ಜೂನ್‌ನಲ್ಲಿ!

ಮೂರು ತಿದ್ದುಪಡಿ ಮಾಡಿದೆವು. ಮಾದರಿ ಏನೇ ಹೇಳಲಿ, ಯಾವ ಪುಟಕ್ಕೂ ಒಂದು ಕನಿಷ್ಠ ಇದೆ. ಘಾಟಿಗೆ ಅದು ಜೂನ್‌ನಿಂದ ಅಕ್ಟೋಬರ್‌ವರೆಗೆ ಅರ್ಧ ಗಂಟೆಗೊಮ್ಮೆ, ಹಗಲು ರಾತ್ರಿ. ಎರಡನೆಯದು, ಇಪ್ಪತ್ತು ಓಡಾಟದಲ್ಲಿ ಒಂದನ್ನು ಚೀಟಿ ಎತ್ತಿದ ಹಾಗೆ ಎಲ್ಲಿಗಾದರೂ, ಯಾವ ಹೊತ್ತಿಗಾದರೂ ಕಳಿಸುವುದು. ಇಂಥ ಓಡಾಟ ಹೆಚ್ಚಿನ ಸಲ ಏನೂ ಸಿಗದೆ ಬರುತ್ತದೆ, ಖರ್ಚು ದಂಡ ಅನ್ನಿಸುತ್ತದೆ. ಆದರೆ ಮಾದರಿಯ ಊಹೆ ತಪ್ಪಾಗಿದ್ದರೆ ಅದನ್ನು ಹಿಡಿಯಲು ಇರುವುದು ಈ ಇಪ್ಪತ್ತನೆಯದೊಂದೇ. ಮತ್ತೆ ಕಲಿಸುವಾಗ ಇಂಥ ಓಡಾಟಗಳಿಗೆ ಜಾಸ್ತಿ ಬೆಲೆ ಕೊಡುತ್ತೇವೆ, ಯಾಕೆಂದರೆ ಇವನ್ನು ಮಾದರಿ ತಾನೇ ಆರಿಸಿಕೊಂಡದ್ದಲ್ಲ. ಮೂರನೆಯದು, ಘಾಟಿಗೆ ಮಳೆಯನ್ನು ಸುಳಿವಾಗಿ ಕೊಟ್ಟೆವು. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲಿವೆ, 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಘಾಟಿಯ ಮೇಲಿನ ಊರುಗಳಲ್ಲಿ ಜೋರಾದರೆ ಟಪಾಲಿನ ಓಡಾಟವೂ ಜೋರಾಗುತ್ತದೆ.

ಆದರೆ ನಿಜವಾಗಿ ಕೆಲಸಕ್ಕೆ ಬಂದದ್ದು ಇದ್ಯಾವುದೂ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಭಾವ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತ ಹೋಟೆಲಿನವರ ಹತ್ತಿರ ಮಾತಾಡಿ ಬಂದರು. ಗೇಟ್ ಹಾಕಿದರೆ ಅವರಿಗೆ ಮೊದಲು ಗೊತ್ತಾಗುತ್ತದೆ, ಗಾಡಿಗಳೆಲ್ಲ ಅವರ ಅಂಗಡಿ ಮುಂದೆಯೇ ನಿಲ್ಲಬೇಕಲ್ಲ. ಈಗ ಅವರು ವಾಟ್ಸಾಪ್‌ನಲ್ಲಿ ಒಂದು ಅಕ್ಷರ ಕಳಿಸುತ್ತಾರೆ: "ಮು" ಅಂದರೆ ಮುಚ್ಚಿದೆ, "ತೆ" ಅಂದರೆ ತೆರೆದಿದೆ. ಅಕ್ಷರ ಬಂದ ಕೂಡಲೇ ಟಪಾಲು ಪ್ರಕಟಣೆಯ ಪುಟಕ್ಕೆ ಓಡುತ್ತದೆ. ಪ್ರಕಟಣೆ ಇನ್ನೂ ಬಂದಿರದಿದ್ದರೆ "ಸ್ಥಳೀಯರ ಮಾಹಿತಿ" ಅಂತ ಬೇರೆ ಬಣ್ಣದಲ್ಲಿ ತೋರಿಸುತ್ತೇವೆ. ಆ 2019ರ ಮೈಕ್ರೋಸಾಫ್ಟ್ ಲೆಕ್ಕದಲ್ಲೂ ಮೂಲಗಳು ಎರಡು ಬಗೆ: ಬದಲಾದೆ ಅಂತ ತಾನೇ ಹೇಳಿಕಳಿಸುವವು, ಹೋಗಿಯೇ ನೋಡಬೇಕಾದವು. ನಾವು ಒಂದನ್ನು ಎರಡನೆಯ ಗುಂಪಿನಿಂದ ಮೊದಲನೆಯ ಗುಂಪಿಗೆ ಸಾಗಿಸಿದೆವು, ಒಂದು ಪ್ಲೇಟ್ ದೋಸೆ ಖರ್ಚಿನಲ್ಲಿ.

ಇದೇ ದಾರಿ ಹಿಡಿದು ಭಾವ ಐದು ವ್ಯಾಪಾರಿಗಳ ಹತ್ತಿರವೂ ಹೋದರು. ನಮ್ಮನ್ನು ತಡೆದಿದ್ದವರು ಸೇರಿ. ಅವರಿಗೆ ನಾವು ಯಾರು ಅಂತಲೇ ಗೊತ್ತಿರಲಿಲ್ಲ. ಯಾರೋ ಪುಟ ಹ್ಯಾಕ್ ಮಾಡಲು ನೋಡುತ್ತಿದ್ದಾರೆ ಅಂದುಕೊಂಡಿದ್ದರಂತೆ. ಎರಡು ವಾರ ಅವರ ಪುಟಗಳನ್ನು ಐದು ನಿಮಿಷಕ್ಕೊಮ್ಮೆ ನೋಡಲು ಒಪ್ಪಿದರು. ಆ ಎರಡು ವಾರದ ಲಾಗ್ ನಮಗೆ ಸರಿಯುತ್ತರದ ಹಾಳೆ. ಮಾದರಿ ಹೇಳಿದ ಹೊತ್ತಿಗೆ ಮಾತ್ರ ಹೋಗಿದ್ದರೆ ಎಷ್ಟು ತಡ ಆಗುತ್ತಿತ್ತು ಅಂತ ಅದರ ಪಕ್ಕ ಇಟ್ಟು ನೋಡಬಹುದು. ಬೆಳಗಿನ ವ್ಯಾಪಾರದ ಹೊತ್ತಿನಲ್ಲಿ ಹೆಚ್ಚಿನ ಬದಲಾವಣೆಗಳು ಅರ್ಧ ಗಂಟೆಯೊಳಗೆ ಸಿಕ್ಕವು. ಸಂಜೆ ಐದರ ಮೇಲೆ ಅಪರೂಪಕ್ಕೆ ಬದಲಾಗುವ ರೇಟು ಮಾತ್ರ ಮರುದಿನದವರೆಗೂ ತಪ್ಪುತ್ತಿತ್ತು. ದೊಡ್ಡಪ್ಪನವರ ರೇಟು ಇಳಿದದ್ದೂ ಒಂದು ಸಂಜೆಯೇ. ಹಾಗಾಗಿ ಸುಗ್ಗಿಯಲ್ಲಿ ಸಂಜೆ ಏಳಕ್ಕೆ ಒಂದು ಕಡ್ಡಾಯ ಸುತ್ತು ಸೇರಿಸಿದೆವು. ಇದು ಮಾದರಿಯ ತೀರ್ಮಾನ ಅಲ್ಲ, ನಮ್ಮದು.

ಲಂಡನ್ ರೇಟು ಮೊದಲಿಗಿಂತ ಹಳೆಯದಾಯಿತು, ಒಂದೊಂದು ಸಲ ಮುಕ್ಕಾಲು ಗಂಟೆ. ಪೇಟೆಯ ಒಬ್ಬ ದಲಾಲಿ ಬಿಟ್ಟು ಯಾರೂ ದೂರಲಿಲ್ಲ. ಅವರಿಗೆ ಬೇಕಾದ್ದು ನಮ್ಮ ಪುಟ ಅಲ್ಲ ಅಂತ ಭಾವ ವಿನಯದಿಂದಲೇ ಹೇಳಿದರು.

ಇನ್ನೊಂದು ಸಣ್ಣ ಬದಲಾವಣೆ. ಹಿಂದೆ ಪುಟದ ಮೇಲೆ "ಅಪ್‌ಡೇಟ್" ಅಂತ ಒಂದೇ ಹೊತ್ತು ಇರುತ್ತಿತ್ತು, ಯಾವುದರ ಹೊತ್ತು ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಈಗ ಪ್ರತಿ ಸಾಲಿನ ಕೆಳಗೆ ಎರಡು ಇವೆ: ನಾವು ನೋಡಿದ್ದು ಯಾವಾಗ, ಅವರು ಬದಲಿಸಿದ್ದು ಯಾವಾಗ. ಸಣ್ಣ ಅಕ್ಷರದಲ್ಲಿ ಹಾಕಿದ್ದೆ. ವಯಸ್ಸಾದವರಿಗೆ ಕಾಣುವುದಿಲ್ಲ ಅಂತ ಅಕ್ಕ ಬೈದ ಮೇಲೆ ದೊಡ್ಡದು ಮಾಡಿದೆ.

ಮುಂದಿನ ಸುಗ್ಗಿಯ ಜನವರಿಯಲ್ಲಿ ದೊಡ್ಡಪ್ಪನವರ ತೋಟಕ್ಕೆ ಹೋಗಿದ್ದೆ. ಕಣದಲ್ಲಿ ಚೆರ್ರಿ ಹರವಿತ್ತು, ಒಂದು ಮೂಲೆಯಲ್ಲಿ ಮೂಟೆಗಳು ಹೊಲಿದು ನಿಂತಿದ್ದವು. ಪಿಕಪ್‌ನ ಹುಡುಗ ಬಾಗಿಲು ತೆರೆದು ಕಾಯುತ್ತಿದ್ದ. ದೊಡ್ಡಪ್ಪ ಕನ್ನಡಕ ಹಣೆಗೆ ಏರಿಸಿ ಮೊಬೈಲನ್ನು ದೂರ ಹಿಡಿದು ಓದಿದರು.

"ನೋಡಿದ್ದು 10:40. ಬದಲಿಸಿದ್ದು ನಿನ್ನೆ 4:15." ಸ್ವಲ್ಪ ಹೊತ್ತು ಯೋಚಿಸಿದರು. "ಲಂಡನ್ ನಿನ್ನೆ ರಾತ್ರಿ ಏರಿದೆ. ಇವ್ರು ಇನ್ನೂ ಏರಿಸಿಲ್ಲ. ಅಂದ್ರೆ ಇವತ್ತು ಏರಿಸ್ಲೇಬೇಕು."

ನಾನು ಜೇಬಿನಿಂದ ಫೋನ್ ತೆಗೆದು ಮಾದರಿಯ ಲೆಕ್ಕ ನೋಡಿದೆ. ಮುಂದಿನ ಒಂದು ಗಂಟೆಯಲ್ಲಿ ಆ ಪುಟ ಬದಲಾಗುವ ಸಂಭವ 0.6. ಏರುತ್ತದಾ ಇಳಿಯುತ್ತದಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ನಾವು ಕಲಿಸಿಯೂ ಇಲ್ಲ.

ದೊಡ್ಡಪ್ಪ ಪಿಕಪ್‌ನ ಹುಡುಗನ ಕಡೆ ತಿರುಗಿ, "ಊಟ ಮಾಡ್ಕೊಂಡು ಎರಡು ಗಂಟೆಗೆ ಬಾರಪ್ಪಾ" ಅಂದರು.